ಜರ್ಸಿಯ ಬೇಲಿಫ್ ನಮ್ಮ ಬೇಲಿಫ್ ಅಲ್ಲ

‘ಬೇಲಿಫ್ ಅಂದರೆ ಸಮನ್ಸ್ ಹಿಡಿದು ಮನೆ ಬಾಗಿಲಿಗೆ ಬರುವವರು. ಜರ್ಸಿ ದ್ವೀಪದಲ್ಲಿ ಅವರೇ ಮುಖ್ಯ ನ್ಯಾಯಾಧೀಶರಂತೆ, ಅದು ಹೇಗೆ?’ ಎಲ್ಲರೂ ಕೇಳುವ ಪ್ರಶ್ನೆ ಇದು.

ನಮ್ಮ ಕೋರ್ಟುಗಳ ಬೇಲಿಫ್ ಮಾಡುವ ಜಾರಿ, ಜಪ್ತಿಯ ಕೆಲಸ ಜರ್ಸಿಯಲ್ಲಿ ವೈಕೌಂಟ್ ಎಂಬ ಅಧಿಕಾರಿಯದು. ಅಲ್ಲಿ ಬೇಲಿಫ್ ಅಂದರೆ ರಾಯಲ್ ಕೋರ್ಟಿನ ಮುಖ್ಯಸ್ಥರು, ಬ್ರಿಟನ್ನಿನ ದೊರೆಯಿಂದ ನೇಮಕವಾದವರು. ಫ್ರಾನ್ಸ್ ಕರಾವಳಿಯ ಹತ್ತಿರದ ಈ ದ್ವೀಪದಲ್ಲಿ ಇರುವುದು ಒಂದು ಲಕ್ಷದ ಮೇಲೆ ಕೆಲವು ಸಾವಿರ ಜನ.

ಕೋರ್ಟಿನಲ್ಲಿ ಬೇಲಿಫ್ ಪಕ್ಕದಲ್ಲಿ ಜ್ಯೂರಾಟ್‌ಗಳು ಕೂರುತ್ತಾರೆ. ಇವರು ಚುನಾಯಿತರಾದ ಸ್ಥಳೀಯರು, ಕಾನೂನು ಓದಿರಬೇಕೆಂದಿಲ್ಲ. ಕಾನೂನು ಏನನ್ನುತ್ತದೆ ಎಂದು ಹೇಳುವುದು ಬೇಲಿಫ್ ಕೆಲಸ. ನಡೆದದ್ದೇನು, ಶಿಕ್ಷೆ ಎಷ್ಟು ಎಂಬುದನ್ನು ಜ್ಯೂರಾಟ್‌ಗಳು ತೀರ್ಮಾನಿಸುತ್ತಾರೆ. ಅವರ ಮತ ಸಮನಾಗಿ ಒಡೆದಾಗ ಬೇಲಿಫ್ ಮತವೇ ನಿರ್ಣಾಯಕ. ಇಬ್ಬರು ಜ್ಯೂರಾಟ್‌ಗಳ ಪೀಠ 4 ವರ್ಷಕ್ಕಿಂತ ಹೆಚ್ಚು ಜೈಲು ವಿಧಿಸುವಂತಿಲ್ಲ. ಅದಕ್ಕೆ ಕನಿಷ್ಠ 5 ಜ್ಯೂರಾಟ್‌ಗಳು ಬೇಕು. ಆಸ್ತಿ ಕ್ರಯವೂ ಈ ಕೋರ್ಟಿನಲ್ಲೇ ಆಗುತ್ತದೆ. ನಾವು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಹೆಬ್ಬೆಟ್ಟು ಒತ್ತಿದಂತೆ, ಅಲ್ಲಿ ಶುಕ್ರವಾರ ಮಧ್ಯಾಹ್ನ ಮಾರುವವರೂ ಕೊಳ್ಳುವವರೂ, ಇಲ್ಲವೇ ಅವರ ಮುಖ್ತಾರರು, ಕೋರ್ಟಿನ ಮುಂದೆ ಬಲಗೈ ಎತ್ತಿ ಪ್ರಮಾಣ ಮಾಡುತ್ತಾರೆ.

ತೊಡಕು ಇರುವುದು ಬೇರೆ ಕಡೆ. ಶಾಸನಸಭೆಯ ಅಧ್ಯಕ್ಷಪೀಠದಲ್ಲಿ ಕೂರುವವರೂ ಇದೇ ಬೇಲಿಫ್. ಪಕ್ಕದ ಗರ್ನ್ಸಿಯಲ್ಲೂ ಹೀಗೇ. ಅಲ್ಲಿ 1990ರಲ್ಲಿ ಶಾಸನಸಭೆ ಒಂದು ಭೂಬಳಕೆ ಯೋಜನೆಯನ್ನು ಒಪ್ಪಿತು. ಆ ಕಲಾಪ ನಡೆಸಿದವರು ಡೆಪ್ಯುಟಿ ಬೇಲಿಫ್. ತನ್ನ ಜಮೀನಿನ ಪ್ಯಾಕಿಂಗ್ ಶೆಡ್ಡನ್ನು ಮನೆ ಮಾಡಿಕೊಂಡಿದ್ದ ಒಬ್ಬರಿಗೆ ಆ ಯೋಜನೆಯ ಪ್ರಕಾರ ಅನುಮತಿ ಸಿಗಲಿಲ್ಲ. 1995ರಲ್ಲಿ ಅವರ ಮೇಲ್ಮನವಿ ಕೇಳಿದ ಪೀಠಕ್ಕೆ ಅದೇ ವ್ಯಕ್ತಿ, ಅಷ್ಟರಲ್ಲಿ ಬೇಲಿಫ್ ಆಗಿದ್ದವರು, ಅಧ್ಯಕ್ಷರು. ಅವರು ಪಕ್ಷಪಾತ ಮಾಡಿದರೆಂದು ಯಾರೂ ದೂರಲಿಲ್ಲ. ಆದರೂ 2000ದ ಫೆಬ್ರವರಿಯಲ್ಲಿ ಸ್ಟ್ರಾಸ್‌ಬರ್ಗ್‌ನ ಯೂರೋಪಿಯನ್ ಮಾನವ ಹಕ್ಕುಗಳ ನ್ಯಾಯಾಲಯ, ಕಾನೂನು ಮಾಡಿದ ಸಭೆಯ ಪೀಠದಲ್ಲಿ ಕೂತವರು ಅದೇ ಕಾನೂನಿನ ವ್ಯಾಜ್ಯದಲ್ಲಿ ಕೂತದ್ದೇ ಸಂಶಯಕ್ಕೆ ಸಾಕು ಎಂದಿತು. ಈ ತೀರ್ಪು ಸರಿ ಎಂದೇ ನಮ್ಮ ನಂಬಿಕೆ: ಸೋತವನೂ ‘ನನ್ನ ಮಾತು ಕೇಳಿದರು’ ಎಂದುಕೊಂಡು ಮನೆಗೆ ಹೋಗುವಂತಿರಬೇಕು. ಬೆಳಗಾದರೆ ಪೇಟೆಯಲ್ಲಿ ಎದುರಾಗುವ ಜನರ ನಡುವೆ ಇದು ಇನ್ನೂ ಮುಖ್ಯ.

ಸಾರ್ಕ್ ಎಂಬ ಇನ್ನೂ ಚಿಕ್ಕ ದ್ವೀಪದಲ್ಲಿ ನ್ಯಾಯಾಧೀಶರಾದ ಸೆನೆಶಲ್‌ಗೂ ಇದೇ ಜೋಡಿ ಹುದ್ದೆ ಇತ್ತು. 2008ರಲ್ಲಿ ಇಂಗ್ಲೆಂಡಿನ ಕೋರ್ಟ್ ಅದು ಸಲ್ಲದು ಎಂದಿತು, ಮುಂದೆ ಎರಡನ್ನೂ ಬೇರ್ಪಡಿಸಲಾಯಿತು. ಜರ್ಸಿಯಲ್ಲೂ 2010ರ ಪರಿಶೀಲನಾ ವರದಿ ಬೇಲಿಫ್ ಶಾಸನಸಭೆಯಿಂದ ಹೊರಬರಲಿ ಎಂದಿತ್ತು. ಅದು ಒಡನೆ ಜಾರಿಯಾಗಲಿಲ್ಲ.

ದಿನನಿತ್ಯದ ಪರಿಹಾರ ಸರಳ. ಬೇಲಿಫ್‌ಗೆ ಕಕ್ಷಿದಾರರ ನಂಟಿದ್ದರೆ, ಇಲ್ಲವೇ ಹಿಂದೆ ಸರ್ಕಾರಿ ವಕೀಲರಾಗಿದ್ದಾಗ ಅದೇ ವಿಷಯಕ್ಕೆ ಸಲಹೆ ಕೊಟ್ಟಿದ್ದರೆ, ಡೆಪ್ಯುಟಿ ಕೂರುತ್ತಾರೆ. ಅವರಿಗೂ ಆಗದಿದ್ದರೆ ಹೊರಗಿನಿಂದ ಕಮಿಷನರ್ ಬರುತ್ತಾರೆ. ಮೇಲ್ಮನವಿ ಕೇಳುವವರಲ್ಲೂ ಹೆಚ್ಚಿನವರು ಹೊರಗಿನವರೇ. ಕೊನೆಯ ಬಾಗಿಲು ಲಂಡನ್ನಿನ ಪ್ರಿವಿ ಕೌನ್ಸಿಲ್. 1949ರವರೆಗೆ ಧಾರವಾಡ, ಮಂಗಳೂರಿನ ವ್ಯಾಜ್ಯಗಳೂ ಮುಂಬಯಿ, ಮದರಾಸು ಹೈಕೋರ್ಟುಗಳನ್ನು ದಾಟಿ ಅದೇ ಬಾಗಿಲಿಗೆ ಹೋಗಬಹುದಿತ್ತು.