ಮೂಡುಬಿದಿರೆ ಕಂಬಳದಲ್ಲಿ ಪ್ಯಾನಿಂಗ್

ಕಂಬಳದ ಫೋಟೋ ಅಂದರೆ ನಮ್ಮ ಕಣ್ಣಿಗೆ ಬರುವುದು ಒಂದೇ ಥರದ್ದು. ಎದುರಿನಿಂದ ತೆಗೆದಿರುತ್ತಾರೆ. ಎರಡು ಕೋಣಗಳ ಮೂತಿ, ಸುತ್ತ ಕೆಸರು ನೀರು, ಒಂದೊಂದು ಹನಿಯೂ ಗಾಳಿಯಲ್ಲಿ ನಿಂತುಬಿಟ್ಟಿರುತ್ತದೆ. ಚೆನ್ನಾಗಿರುವುದಿಲ್ಲ ಅಂತಲ್ಲ. ಆದರೆ ಕರೆಯ, ಅಂದರೆ ಕೋಣ ಓಡುವ ಕೆಸರು ಗದ್ದೆಯ, ಪಕ್ಕ ನಿಂತು ನೋಡಿದವರಿಗೆ ಗೊತ್ತು, ಅಲ್ಲಿ ಕಣ್ಣಿಗೆ ಹನಿ ಕಾಣುವುದಿಲ್ಲ, ಓಟ ಕಾಣುತ್ತದೆ. ಆ ಓಟ ಫೋಟೋದಲ್ಲಿ ಬರಬೇಕು ಅಂತಲೇ ನಾನು ಡಿಸೆಂಬರ್‌ನಲ್ಲಿ ಮೂಡುಬಿದಿರೆಗೆ ಹೋದದ್ದು. ಅದಕ್ಕೆ ಇರುವ ದಾರಿ ಪ್ಯಾನಿಂಗ್. ಶಟರ್ ನಿಧಾನ ಇಟ್ಟುಕೊಂಡು, ಅಂದರೆ ಬೆಳಕು ಒಳಗೆ ಬರುವ ಹೊತ್ತು ಜಾಸ್ತಿ ಮಾಡಿಕೊಂಡು, ಕೋಣ ಓಡುವ ವೇಗಕ್ಕೇ ಕ್ಯಾಮೆರಾ ತಿರುಗಿಸುತ್ತಾ ಕ್ಲಿಕ್ ಮಾಡುವುದು. ಕೋಣ ಸ್ಪಷ್ಟವಾಗಿ ಬರುತ್ತದೆ, ಹಿಂದಿನ ಜನ, ತೆಂಗಿನ ಮರ ಎಲ್ಲ ಗೆರೆಗಳಾಗುತ್ತವೆ.

ಬೆಂಗಳೂರಿನಿಂದ ರಾತ್ರಿ ಬಸ್ಸು. ಶಿರಾಡಿ ಘಾಟಿ ನಿದ್ದೆಯಲ್ಲೇ ಕಳೆಯಿತು. ವೇಣೂರು ದಾಟುವಾಗ ಬೆಳಕು ಹರಿದಿತ್ತು. ಮೂಡುಬಿದಿರೆಯಲ್ಲಿ ಇಳಿದು, ಸ್ನಾನ ತಿಂಡಿ ಮುಗಿಸಿ, ಸಾವಿರ ಕಂಬದ ಬಸದಿಗೆ ಒಂದು ಸುತ್ತು ಹಾಕಿದೆ. 1430ರಲ್ಲಿ ಕಟ್ಟಿದ್ದು. ಅದರ ಬಗ್ಗೆ ಬರೆಯುವವರು ಬೇಕಾದಷ್ಟು ಜನ ಇದ್ದಾರೆ, ನಾನು ಸೀದಾ ಕಡಲಕೆರೆಗೆ ಬರುತ್ತೇನೆ. ಅಲ್ಲಿನ ನಿಸರ್ಗಧಾಮದಲ್ಲೇ ಕೋಟಿ-ಚೆನ್ನಯ ಜೋಡುಕರೆ ಕಂಬಳ ನಡೆಯುವುದು.

ಮೊದಲ ಕೆಲಸ, ಎಲ್ಲಿ ನಿಲ್ಲುವುದು ಅಂತ ನೋಡುವುದು. ಕೋಣಗಳನ್ನು ಬಿಡುವ ಜಾಗಕ್ಕೆ ಗಂತು ಅನ್ನುತ್ತಾರೆ, ಓಟ ಮುಗಿಯುವ ಜಾಗಕ್ಕೆ ಮಂಜೊಟ್ಟಿ. ಫೋಟೋದವರೆಲ್ಲ ಮಂಜೊಟ್ಟಿಯಲ್ಲೇ ಗುಂಪಾಗಿದ್ದರು. ಎದುರಿನಿಂದ ತೆಗೆಯುವವರಿಗೆ ಅದೇ ಸರಿ. ಪ್ಯಾನಿಂಗ್‌ಗೆ ಆ ಜಾಗ ದಂಡ. ಕೋಣ ನಮ್ಮ ಮುಂದೆ ಅಡ್ಡಲಾಗಿ ಹಾದುಹೋಗಬೇಕು, ನಮ್ಮ ಕಡೆಗೆ ಬರಬಾರದು. ಹಾಗಾಗಿ ಕರೆಯ ಉದ್ದದ ಬದಿಯಲ್ಲಿ, ಅರ್ಧ ದಾಟಿದ ಮೇಲೆ ಎಲ್ಲಾದರೂ ನಿಲ್ಲಬೇಕು. ಅಷ್ಟು ಹೊತ್ತಿಗೆ ಓಟ ಬಿಗಿಯಾಗಿರುತ್ತದೆ.

ಇನ್ನೊಂದು, ಹಿನ್ನೆಲೆ. ಎದುರು ಬದಿಯಲ್ಲಿ ಬಿಳಿ ಫ್ಲೆಕ್ಸ್ ಇದ್ದರೆ ಫೋಟೋದಲ್ಲಿ ಅದು ಉದ್ದಕ್ಕೂ ಬಿಳಿ ಪಟ್ಟಿಯಾಗುತ್ತದೆ, ಕಣ್ಣು ಅಲ್ಲೇ ಹೋಗುತ್ತದೆ. ಬಣ್ಣ ಬಣ್ಣದ ಅಂಗಿ ಹಾಕಿದ ಜನ ಇದ್ದರೆ ಅದಕ್ಕಿಂತ ಒಳ್ಳೆಯ ಹಿನ್ನೆಲೆ ಬೇಡ. ಫ್ಲೆಕ್ಸ್ ಇಲ್ಲದ ಜಾಗ ಹುಡುಕುವುದೇ ಈಗಿನ ಕಾಲದಲ್ಲಿ ದೊಡ್ಡ ಕೆಲಸ, ಬಿಡಿ.

ಜಾಗ ಸಿಕ್ಕಿತು, ಇನ್ನು ಬಿಸಿಲಿನ ತೊಂದರೆ. ಕರಾವಳಿಯ ಮಧ್ಯಾಹ್ನದ ಬಿಸಿಲಲ್ಲಿ ಐಎಸ್‌ಒ (ಸೆನ್ಸರ್ ಬೆಳಕಿಗೆ ಎಷ್ಟು ಸೂಕ್ಷ್ಮ ಅನ್ನುವ ಅಳತೆ) 100, ಶಟರ್ 1/100 ಸೆಕೆಂಡ್ ಇಟ್ಟರೆ ಲೆನ್ಸಿನ ರಂಧ್ರ ಎಫ್/16 ಬೇಕಾಗುತ್ತದೆ. ಎಫ್ ಸಂಖ್ಯೆ ದೊಡ್ಡದಾದಷ್ಟೂ ರಂಧ್ರ ಚಿಕ್ಕದು. 1/50ಕ್ಕೆ ಇಳಿದರೆ ಎಫ್/22. ಅಷ್ಟು ಚಿಕ್ಕ ರಂಧ್ರಕ್ಕೆ ಹೋದರೆ ಚಿತ್ರದ ಹರಿತ ಕಡಿಮೆಯಾಗುತ್ತದೆ, ಸೆನ್ಸರ್ ಮೇಲಿನ ಧೂಳೆಲ್ಲ ಆಕಾಶದಲ್ಲಿ ಚುಕ್ಕೆಯಾಗಿ ಕಾಣುತ್ತದೆ. ಅದಕ್ಕೇ ಲೆನ್ಸಿನ ಮುಂದೆ ಎನ್‌ಡಿ-8 ಅನ್ನುವ ಕಪ್ಪು ಗಾಜಿನ ಫಿಲ್ಟರ್ ಹಾಕಿದೆ. ಅದು ಮೂರು ಸ್ಟಾಪ್ ಬೆಳಕು ಕಡಿಮೆ ಮಾಡುತ್ತದೆ, ಒಂದೊಂದು ಸ್ಟಾಪಿಗೂ ಬೆಳಕು ಅರ್ಧವಾಗುತ್ತದೆ. 1/50ರಲ್ಲೇ ಎಫ್/8ಕ್ಕೆ ಬಂದೆ, ಆರಾಮ.

ಶಟರ್ ಎಷ್ಟಿರಬೇಕು ಅನ್ನುವುದಕ್ಕೆ ಒಂದು ಸಣ್ಣ ಲೆಕ್ಕ ಇದೆ. 2020ರ ಫೆಬ್ರವರಿಯಲ್ಲಿ ಐಕಳ ಕಂಬಳದಲ್ಲಿ ಕೋಣ ಓಡಿಸುವ ಶ್ರೀನಿವಾಸ ಗೌಡರು ಓಡಿದ ಓಟ ದೇಶವೆಲ್ಲ ಸುದ್ದಿಯಾಯಿತಲ್ಲ, ಅದು 142.5 ಮೀಟರ್, ಹದಿಮೂರು ಚಿಲ್ಲರೆ ಸೆಕೆಂಡ್. ಅಂದರೆ ಸೆಕೆಂಡಿಗೆ ಹತ್ತು ಮೀಟರಿಗಿಂತ ಸ್ವಲ್ಪ ಜಾಸ್ತಿ. ಆ ವೇಗದಲ್ಲಿ 1/2000 ಸೆಕೆಂಡಿನಲ್ಲಿ ಕೋಣ ಅರ್ಧ ಸೆಂಟಿಮೀಟರ್ ಮುಂದೆ ಹೋಗುತ್ತದೆ. 1/30ರಲ್ಲಿ ಹೆಚ್ಚುಕಡಿಮೆ 35 ಸೆಂಟಿಮೀಟರ್. ಕ್ಯಾಮೆರಾ ಸುಮ್ನೆ ನಿಂತಿದ್ದರೆ ಅಷ್ಟೂ ಕಲಸಿಹೋಗುತ್ತದೆ. ಕ್ಯಾಮೆರಾ ಜೊತೆಗೇ ತಿರುಗಿದರೆ ಕೋಣದ ತಲೆ ಚೌಕಟ್ಟಿನ ಅದೇ ಜಾಗದಲ್ಲಿ ನಿಲ್ಲುತ್ತದೆ, ಕಲಸುವ ಪಾಲು ಹಿನ್ನೆಲೆಗೆ ಹೋಗುತ್ತದೆ. ನಾನು 1/60ರಲ್ಲಿ ಶುರು ಮಾಡಿ, ಕೈ ಕುದುರಿದ ಮೇಲೆ 1/30ಕ್ಕೆ ಇಳಿದೆ.

ನಿಲ್ಲುವುದಕ್ಕೂ ಒಂದು ರೀತಿ ಇದೆ. ಪಾದ ಎರಡೂ ಕ್ಲಿಕ್ ಮಾಡಬೇಕಾದ ಜಾಗದ ಕಡೆಗೆ ಇರಬೇಕು, ಕೋಣ ಬರುವ ಕಡೆಗಲ್ಲ. ಸೊಂಟ ಮಾತ್ರ ಗಂತಿನ ಕಡೆ ತಿರುಗಿಸಿ ಕಾಯಬೇಕು. ಮೊಣಕೈ ಪಕ್ಕೆಗೆ ಒತ್ತಿರಬೇಕು. ಕೋಣ ಬಿಟ್ಟ ಕೂಡಲೇ ತಲೆಯ ಮೇಲೆ ಫೋಕಸ್ ಇಟ್ಟು ಹಿಂಬಾಲಿಸುತ್ತಾ, ಎದುರಿಗೆ ಬಂದಾಗ ಒತ್ತಿ, ಒತ್ತಿದ ಮೇಲೂ ಹಾಗೇ ತಿರುಗುತ್ತಾ ಹೋಗಬೇಕು. ಬೌಲರ್ ಚೆಂಡು ಬಿಟ್ಟ ಮೇಲೂ ಕೈ ಪೂರ್ತಿ ತಿರುಗಿಸುತ್ತಾನಲ್ಲ, ಹಾಗೆ. ಡಿಎಸ್‌ಎಲ್‌ಆರ್‌ನಲ್ಲಿ ಕ್ಲಿಕ್ ಆಗುವಾಗ ವ್ಯೂಫೈಂಡರ್ ಕಪ್ಪಾಗುತ್ತದೆ. ಆ ಕತ್ತಲಲ್ಲಿ ಕೈ ನಿಲ್ಲಿಸಿದರೆ ಕೆಟ್ಟಿತು. ಒಳಗೆ ಕನ್ನಡಿ ಇಲ್ಲದ ಮಿರರ್‌ಲೆಸ್ ಕ್ಯಾಮೆರಾ ಇರುವವರು ಮೆಕ್ಯಾನಿಕಲ್ ಶಟರನ್ನೇ ಬಳಸಿ. ಎಲೆಕ್ಟ್ರಾನಿಕ್ ಶಟರ್‌ನಲ್ಲಿ ಹಿಂದಿನ ಕಂಬಗಳೆಲ್ಲ ವಾಲಿಕೊಳ್ಳುತ್ತವೆ.

ಕಷ್ಟ ಇರುವುದು ಕಾಯುವುದರಲ್ಲಿ. ಗಂತಿನಲ್ಲಿ ಕೋಣಗಳು ಸಾಲಾಗಿ ನಿಲ್ಲುವುದಿಲ್ಲ. ಒಂದು ಜೋಡಿ ಸರಿಯಾದರೆ ಇನ್ನೊಂದು ಹಿಂದೆ ಸರಿಯುತ್ತದೆ. ಮೈಕಿನವರು ಯಜಮಾನರ ಮನೆತನದ ಹೆಸರು, ಓಡಿಸುವವರ ಹೆಸರು ಎಲ್ಲ ಹೇಳಿ ಮುಗಿಸಿ, ಮತ್ತೆ ಮೊದಲಿಂದ ಶುರು ಮಾಡುತ್ತಾರೆ. ಅಷ್ಟರಲ್ಲಿ ತಿರುಚಿ ನಿಂತ ಸೊಂಟ ನೋಯತೊಡಗುತ್ತದೆ. ಸಡಿಲ ಬಿಟ್ಟಿರೋ, ಅದೇ ಕ್ಷಣ ಕೋಣ ಬಿಡುತ್ತಾರೆ.

ನನ್ನ ಪಕ್ಕ ವಯಸ್ಸಾದ ಒಬ್ಬರು ಕೊಡೆ ಊರಿಕೊಂಡು ಕೂತಿದ್ದರು. ಹಿಂದೆ ಅವರ ಮನೆಯಲ್ಲೂ ಕಂಬಳದ ಕೋಣ ಇದ್ದವಂತೆ. ನನ್ನ ಅವಸ್ಥೆ ನೋಡಿ, "ಮೈಕ್ ಕೇಳ್ಬೇಡಿ ಮಾರಾಯ್ರೆ, ಕೋಣದ ಹಗ್ಗ ಹಿಡಿದವರ ಕೈ ನೋಡಿ. ಕೈ ಬಿಟ್ರೆ ಹೊರಟಿತು ಅಂತ ಲೆಕ್ಕ" ಅಂದರು. ಆಮೇಲೆ ಸೊಂಟಕ್ಕೆ ಬಹಳ ಉಪಕಾರವಾಯಿತು.

ಮಧ್ಯಾಹ್ನ ಅವರಿಗೆ ಕ್ಯಾಮೆರಾದ ಪರದೆ ತೋರಿಸಿದೆ. ಕನೆಹಲಗೆ ಅನ್ನುವ ವಿಭಾಗದ ಫೋಟೋ. ಕೋಣ ಹರಿತವಾಗಿ ಬಂದಿತ್ತು, ಹಿನ್ನೆಲೆ ಗೆರೆಯಾಗಿತ್ತು. ಅವರು ಹತ್ತಿರ ಹಿಡಿದು ನೋಡಿ, "ಓಡುದು ಕಾಣ್ತದೆ. ನೀರು ಎಲ್ಲಿ ಹೋಯ್ತು?" ಅಂದರು.

ಅವರು ಹೇಳಿದ್ದರಲ್ಲಿ ಅರ್ಥ ಇದೆ. ಕನೆಹಲಗೆಯಲ್ಲಿ ಓಡಿಸುವವರು ತೂತಿರುವ ಹಲಗೆಯ ಮೇಲೆ ನಿಂತಿರುತ್ತಾರೆ. ಆ ತೂತಿನಿಂದ ನೀರು ಮೇಲಕ್ಕೆ ಚಿಮ್ಮಿ, ಕರೆಯ ಮೇಲೆ ಅಡ್ಡಲಾಗಿ ಕಟ್ಟಿದ ಬಟ್ಟೆಗೆ, ಅಂದರೆ ನಿಶಾನೆಗೆ ಮುಟ್ಟಬೇಕು. 6.5 ಕೋಲು, 7.5 ಕೋಲು ಎತ್ತರದಲ್ಲಿ ನಿಶಾನೆ ಕಟ್ಟಿರುತ್ತಾರೆ (ಕೋಲು ಅನ್ನುವುದು ಇಲ್ಲಿನ ಅಳತೆ). ಅಲ್ಲಿ ಗೆಲ್ಲಿಸುವುದು ನೀರು. 1/30ರಲ್ಲಿ ಆ ನೀರು ಹಾಲಿನ ಹಾಗೆ ಹರಡಿ, ಎಷ್ಟು ಎತ್ತರ ಹೋಯಿತು ಅನ್ನುವುದೇ ಗೊತ್ತಾಗುವುದಿಲ್ಲ. ಕನೆಹಲಗೆಗೆ 1/1000 ಮೇಲೆ ಹೋಗಿ, ನಿಶಾನೆ ಕಾಣುವ ಹಾಗೆ ತೆಗೆಯುವುದೇ ವಾಸಿ. ಪ್ಯಾನಿಂಗ್‌ಗೆ ಹಗ್ಗ ಮತ್ತು ನೇಗಿಲು ವಿಭಾಗ ಹೇಳಿ ಮಾಡಿಸಿದ್ದು. ಅಲ್ಲಿ ಮನುಷ್ಯನೂ ಕೋಣದ ಹಿಂದೆ ಕಾಲಲ್ಲಿ ಓಡುತ್ತಾನೆ. ಎಂಟು ಕಾಲು, ಎರಡು ಕಾಲು ಎಲ್ಲ ಮಸುಕು, ಕೋಣದ ಕಣ್ಣು, ಓಡಿಸುವವರ ಮುಖ ಮಾತ್ರ ಸ್ಪಷ್ಟ. ಅಂಥದ್ದೊಂದು ಸಿಕ್ಕಿದರೆ ಬಂದದ್ದಕ್ಕೆ ಸಾರ್ಥಕ.

ಕೋಣಕ್ಕೆ ಬೆತ್ತ ಬೀಸುವುದರ ಬಗ್ಗೆ ವಾದ ಇದ್ದೇ ಇದೆ. 2014ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಕಂಬಳಕ್ಕೆ ತಡೆ ಬಂದದ್ದು, ರಾಜ್ಯ ಕಾನೂನು ತಿದ್ದಿದ್ದು, 2023ರ ಮೇ ತಿಂಗಳಲ್ಲಿ ಅದೇ ಕೋರ್ಟ್ ಆ ತಿದ್ದುಪಡಿ ಒಪ್ಪಿದ್ದು, ಎಲ್ಲ ಗೊತ್ತಿರುವುದೇ. ಫೋಟೋ ತೆಗೆಯುವವರು ನಮ್ಮ ಪಾಲಿನದ್ದು ಮಾಡಬಹುದು. ಕೋಣದ ಕಣ್ಣಿಗೆ ಫ್ಲ್ಯಾಶ್ ಹೊಡೆಯಬೇಡಿ. ಪ್ಯಾನಿಂಗ್‌ಗೆ ಅದು ಬೇಕಾಗಿಯೂ ಇಲ್ಲ.

ಜೋಡುಕರೆಯಲ್ಲಿ ಇನ್ನೊಂದು ಮಜಾ ಇದೆ. ಎರಡು ಜೋಡಿ ಒಟ್ಟಿಗೇ ಓಡುತ್ತವೆ. ಒಂದನ್ನು ಹಿಡಿದುಕೊಂಡು ಹೋದರೆ ಇನ್ನೊಂದು, ಸ್ವಲ್ಪ ಹಿಂದೆ ಬಿದ್ದಿದ್ದರೂ ಮುಂದೆ ಹೋದರೂ, ಮಸುಕಾಗುತ್ತದೆ. ಸೋಲುತ್ತಿರುವ ಜೋಡಿಯನ್ನು ಹಿಡಿದು ತೆಗೆದ ಒಂದು ಚಿತ್ರದಲ್ಲಿ ಗೆಲ್ಲುವ ಜೋಡಿ ಬರೀ ಕಪ್ಪು ಛಾಯೆಯಾಗಿ ಮುಂದೆ ಹೋಗುತ್ತಿದೆ. ನನಗೆ ಅದೇ ಇಷ್ಟ.

ಸಂಜೆ ಗೋಳಿಬಜೆ, ಚಹಾ. ಅಲ್ಲಿ ಫೋನ್ ಹಿಡಿದ ಒಬ್ಬ ಹುಡುಗ ಸಿಕ್ಕಿದ. "ಅಣ್ಣ, ಇದು ಫೋನಲ್ಲಿ ಬರ್ತದಾ?" ಬಿಸಿಲಲ್ಲಿ ಕಷ್ಟ. ಫೋನಿನ ಲೆನ್ಸಿನ ರಂಧ್ರ ಚಿಕ್ಕದು ಮಾಡಲು ಸಾಮಾನ್ಯವಾಗಿ ಆಗುವುದಿಲ್ಲ, ಹಗಲಲ್ಲಿ 1/30 ಇಟ್ಟರೆ ಎಲ್ಲ ಬೆಳ್ಳಗಾಗುತ್ತದೆ. ಸೂರ್ಯ ಮುಳುಗಿದ ಮೇಲೆ ಪ್ರೋ ಮೋಡ್‌ಗೆ ಹೋಗು, ಶಟರ್ 1/30 ಮಾಡು, ಟೆಲಿ ಲೆನ್ಸ್ ಇದ್ದರೆ ಅದನ್ನೇ ಹಾಕು ಅಂದೆ. ರಾತ್ರಿ ಅವನು ತೋರಿಸಿದ ಒಂದು ಚಿತ್ರ ನೋಡಿ ನನಗೆ ಸ್ವಲ್ಪ ಹೊಟ್ಟೆಕಿಚ್ಚೇ ಆಯಿತು.

ಕಂಬಳ ರಾತ್ರಿಯೆಲ್ಲ ನಡೆಯುತ್ತದೆ, ಮರುದಿನ ಬೆಳಗಾದರೂ ಮುಗಿದಿರುವುದಿಲ್ಲ. ಹೊನಲು ಬೆಳಕಿನಲ್ಲಿ ಪ್ಯಾನಿಂಗ್ ಮಾಡುವವರಿಗೆ ಒಂದು ಲಾಭ ಇದೆ. ನಮ್ಮ ಕರೆಂಟು 50 ಹರ್ಟ್ಸ್, ಹಾಗಾಗಿ ಕೆಲವು ದೀಪಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. 1/1000ರಲ್ಲಿ ತೆಗೆಯುವವರಿಗೆ ಒಂದು ಫೋಟೋ ಬೆಳ್ಳಗೆ, ಇನ್ನೊಂದು ಹಳದಿ, ಮತ್ತೊಂದು ಅರ್ಧ ಕಪ್ಪು. 1/30ರಲ್ಲಿ ಮೂರು ಮಿನುಗಾದರೂ ಒಳಗೆ ಸೇರುವುದರಿಂದ ಬೆಳಕು ಸಮವಾಗಿರುತ್ತದೆ. ಮಂಜೊಟ್ಟಿಯಲ್ಲಿ ಬೈದುಕೊಳ್ಳುತ್ತಿದ್ದ ಗೆಳೆಯರೊಬ್ಬರು ನಡುರಾತ್ರಿ ನನ್ನ ಪಕ್ಕಕ್ಕೇ ಬಂದು ನಿಂತರು. ಹಿಂದಿನ ಕತ್ತಲಲ್ಲಿ ಅಂಗಡಿಗಳ ಬಲ್ಬು ಮಾತ್ರ ಬಣ್ಣದ ಗೆರೆ ಎಳೆಯುತ್ತವೆ. ಫ್ಲೆಕ್ಸಿನ ಕಾಟವೂ ಕಡಿಮೆ.

ಹೋಗುವವರಿಗೆ ಎರಡು ಮಾತು. ಕಂಬಳದ ಸೀಸನ್ ಸಾಮಾನ್ಯವಾಗಿ ನವೆಂಬರ್‌ನಿಂದ ಮಾರ್ಚ್‌ವರೆಗೆ, ಹೆಚ್ಚಾಗಿ ಶನಿವಾರ ಭಾನುವಾರ. ನಿಜವಾದ ಪ್ಯಾನಿಂಗ್ ಸಂಜೆ ಐದರ ಮೇಲೆ, ಅದಕ್ಕೆ ಮೊದಲು ಜಾಗ ನೋಡಿಕೊಳ್ಳಿ, ಕೈ ಪಳಗಿಸಿಕೊಳ್ಳಿ. ಹೊಸ ಬಟ್ಟೆ ಬೇಡ. ಲೆನ್ಸ್ ಒರೆಸುವ ಬಟ್ಟೆ ಒಂದಲ್ಲ, ನಾಲ್ಕು ಇಟ್ಟುಕೊಳ್ಳಿ, ಕರೆಯ ನೀರಿನಲ್ಲಿ ಮರಳು ಇರುತ್ತದೆ. ಮೊದಲು ಊದಿ, ಆಮೇಲೆ ಒರೆಸಿ.