ಸಿಇಟಿ: 80 ನಿಮಿಷ ಅಂದ್ರೂ ಕೈಗೆ ಸಿಗೋದು 65

ಇಂಜಿನಿಯರಿಂಗ್‌ನಂಥ ಕೋರ್ಸುಗಳಿಗೆ ರಾಜ್ಯ ನಡೆಸುವ ಪ್ರವೇಶ ಪರೀಕ್ಷೆ ಸಿಇಟಿ. ಅದರ ಹಳೆಯ ಪ್ರಶ್ನೆಪತ್ರಿಕೆಯೊಂದನ್ನು ತೆಗೆದು ಮೊದಲು ಅದರ ಮುಖಪುಟ ನೋಡಿ. ಒಟ್ಟು ಅವಧಿ 80 ನಿಮಿಷ, ಉತ್ತರಿಸಲು ಗರಿಷ್ಠ ಸಮಯ 70 ನಿಮಿಷ ಅಂತ ಬೇರೆ ಬೇರೆ ಬರೆದಿರುತ್ತದೆ. ಮೊದಲ 10 ನಿಮಿಷ ಓಎಂಆರ್ ಹಾಳೆಯಲ್ಲಿ (ವೃತ್ತ ಕಪ್ಪು ಮಾಡಿ ಉತ್ತರ ಗುರುತಿಸುವ ಹಾಳೆ) ವಿವರ ತುಂಬಲು, ಪ್ರಶ್ನೆಪತ್ರಿಕೆಯ ವರ್ಷನ್ ಕೋಡ್ ಬರೆಯಲು, ಸಹಿ ಹಾಕಲು ಹೋಗುತ್ತದೆ. ಉಳಿದ 70 ನಿಮಿಷಕ್ಕೆ 60 ಪ್ರಶ್ನೆ. ಒಂದು ವೃತ್ತವನ್ನು ಸರಿಯಾಗಿ ಕಪ್ಪು ಮಾಡಲು 5 ಸೆಕೆಂಡ್ ಹಿಡಿದರೂ 60ಕ್ಕೆ 5 ನಿಮಿಷ ಆಯಿತು. ಅಂದರೆ ತಲೆ ಓಡಿಸಲು ಸಿಗೋದು 65 ನಿಮಿಷ, ಪ್ರಶ್ನೆಗೆ 65 ಸೆಕೆಂಡ್. ಕಲಬುರಗಿ, ಬೀದರ್, ಯಾದಗಿರಿ ಕಡೆಯ ಹುಡುಗರಿಗೆ ವಿಷಯ ಗೊತ್ತಿಲ್ಲ ಅಂತಲ್ಲ. ಮನೆಯಲ್ಲಿ ಕೂತು ನಿಧಾನಕ್ಕೆ ಬಿಡಿಸು ಅಂದರೆ 60ರಲ್ಲಿ 45 ಸರಿ ಮಾಡುವ ಹುಡುಗಿಯೇ ಹಾಲ್‌ನಲ್ಲಿ 30ಕ್ಕೆ ನಿಲ್ಲುತ್ತಾಳೆ. ಓದಿದ್ದು ಸಾಕಾಗಿರುತ್ತದೆ, ಗಡಿಯಾರ ಇಟ್ಟು ಬಿಡಿಸಿದ್ದು ಸಾಕಾಗಿರುವುದಿಲ್ಲ.

ದ್ವಿತೀಯ ಪಿಯುಸಿಯ ಬೋರ್ಡ್ ಪರೀಕ್ಷೆಯ ರೂಢಿ ಪೂರ್ತಿ ಬೇರೆ. ಅಲ್ಲಿ ದತ್ತ, ಸೂತ್ರ, ಹಂತ, ಉತ್ತರ ಎಲ್ಲ ಬರೆಯಬೇಕು, ಹಂತಕ್ಕೆ ಅಂಕ. ಸಿಇಟಿಯಲ್ಲಿ ಹಂತ ಯಾರೂ ನೋಡುವುದಿಲ್ಲ. ಒಂದು ಉದಾಹರಣೆ ನೋಡಿ. ಸಮಾಕಲನದಲ್ಲಿ ಮೇಲೆ ರೂಟ್ ಸೈನ್ ಎಕ್ಸ್, ಕೆಳಗೆ ರೂಟ್ ಸೈನ್ ಎಕ್ಸ್ ಕೂಡಿಸು ರೂಟ್ ಕಾಸ್ ಎಕ್ಸ್, ಮಿತಿ ಪೈ ಬೈ 6ರಿಂದ ಪೈ ಬೈ 3. ಬೋರ್ಡಿಗೆ ಇದನ್ನು ಎಂಟು ಸಾಲು ಬರೆಯಬೇಕು. ಆದರೆ ಎರಡು ಮಿತಿಗಳನ್ನು ಕೂಡಿಸಿದರೆ ಪೈ ಬೈ 2 ಬರುತ್ತದೆ, ಅದರಿಂದ ಎಕ್ಸ್ ಕಳೆದರೆ ಸೈನ್ ಹೋಗಿ ಕಾಸ್ ಆಗುತ್ತದೆ, ಛೇದ ಹಾಗೇ ಉಳಿಯುತ್ತದೆ ಅಂತ ಗುರುತಿಸಿದರೆ ಮುಗಿಯಿತು. ಉತ್ತರ ಮೇಲಿನ ಮಿತಿಯಿಂದ ಕೆಳಗಿನದು ಕಳೆದು ಅರ್ಧ ಮಾಡಿದ್ದು, ಪೈ ಬೈ 12. ಹತ್ತು ಸೆಕೆಂಡ್. ರೂಟ್ ಬದಲು ಘಾತ 5 ಕೊಟ್ಟರೂ, ಕ್ಯೂಬ್ ರೂಟ್ ಕೊಟ್ಟರೂ ಉತ್ತರ ಅದೇ.

ರಸಾಯನಶಾಸ್ತ್ರದಲ್ಲೂ ಹೀಗೇ. ಫಸ್ಟ್ ಆರ್ಡರ್ ಕ್ರಿಯೆ 99.9 ಪ್ರತಿಶತ ಮುಗಿಯಲು ಎಷ್ಟು ಹೊತ್ತು ಅಂತ ಕೇಳಿದರೆ ಲಾಗ್ ಹಿಡಿದು ಕೂರಬೇಡಿ. ಒಂದೊಂದು ಅರ್ಧಾಯುಷ್ಯಕ್ಕೂ ಉಳಿದದ್ದು ಅರ್ಧವಾಗುತ್ತ ಹೋಗಿ, ಹತ್ತು ಸಲಕ್ಕೆ 1024ರಲ್ಲಿ ಒಂದು ಪಾಲು ಉಳಿಯುತ್ತದೆ, ಅಂದರೆ ಹೆಚ್ಚುಕಡಿಮೆ ಸಾವಿರದಲ್ಲೊಂದು. ಹಾಗಾಗಿ ಉತ್ತರ ಅರ್ಧಾಯುಷ್ಯದ ಸುಮಾರು 10 ಪಟ್ಟು. 75 ಪ್ರತಿಶತಕ್ಕೆ 2 ಪಟ್ಟು, 87.5ಕ್ಕೆ 3 ಪಟ್ಟು. ಇಂಥವನ್ನು ಗೈಡಿನಿಂದ ಬಾಯಿಪಾಠ ಮಾಡುವುದಕ್ಕಿಂತ, ಬೋರ್ಡಿಗೆ ಬಿಡಿಸಿದ ಪ್ರತಿ ಲೆಕ್ಕದ ಪಕ್ಕದಲ್ಲೇ ‘ಇದು ಆಯ್ಕೆ ರೂಪದಲ್ಲಿ ಬಂದರೆ ಯಾವ ಸಾಲು ಬಿಡಬಹುದು’ ಅಂತ ಪೆನ್ಸಿಲಿನಲ್ಲಿ ಬರೆದುಕೊಳ್ಳಿ. ಒಂದೇ ಓದಿನಲ್ಲಿ ಎರಡು ಪರೀಕ್ಷೆಯ ತಯಾರಿ ಆಗುತ್ತದೆ.

65 ನಿಮಿಷವನ್ನು ಹೇಗೆ ಹಂಚಬೇಕು? ಮೂರು ಸುತ್ತು ಮಾಡಿ. ಮೊದಲ ಸುತ್ತಿನಲ್ಲಿ 1ರಿಂದ 60ರವರೆಗೆ ಎಲ್ಲಾ ಪ್ರಶ್ನೆ ಓದಬೇಕು, ನೋಡಿದ ಕೂಡಲೇ ದಾರಿ ಕಂಡವನ್ನು ಮಾತ್ರ ಬಿಡಿಸಬೇಕು. 35 ನಿಮಿಷದೊಳಗೆ 60ನೇ ಪ್ರಶ್ನೆ ಮುಟ್ಟಲೇಬೇಕು. ದಾರಿ ಗೊತ್ತು ಆದರೆ ಉದ್ದ ಅನಿಸಿದ್ದಕ್ಕೆ ಪ್ರಶ್ನೆ ಪುಸ್ತಿಕೆಯಲ್ಲಿ ಒಂದು ಗೀಟು, ಏನೂ ಹೊಳೆಯದ್ದಕ್ಕೆ ಎರಡು ಗೀಟು. ಎರಡನೇ ಸುತ್ತು ಒಂದು ಗೀಟಿನವಕ್ಕೆ, 20 ನಿಮಿಷ. ಕೊನೆಯ 10 ನಿಮಿಷ ಎರಡು ಗೀಟಿನವಕ್ಕೆ. ಸಿಇಟಿಯಲ್ಲಿ ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಒಂದು ವೃತ್ತವೂ ಖಾಲಿ ಬಿಡಬೇಡಿ. ಹೊಳೆಯದ ಪ್ರಶ್ನೆಯಲ್ಲೂ ಏಕಮಾನ ಹೊಂದದ ಒಂದು ಆಯ್ಕೆ, ಚಿಹ್ನೆ ಉಲ್ಟಾ ಇರುವ ಇನ್ನೊಂದು ಆಯ್ಕೆ ಬಹಳ ಸಲ ಕಾಣುತ್ತವೆ. ಎರಡನ್ನು ಹೊಡೆದು ಹಾಕಿದರೆ ಉಳಿದ ಎರಡರಲ್ಲಿ ಅರ್ಧದಷ್ಟು ಸಲ ಸರಿ ಬರುತ್ತದೆ. ವೈದ್ಯಕೀಯ ಪ್ರವೇಶದ ನೀಟ್‌ನಲ್ಲಿ ಸರಿಗೆ 4, ತಪ್ಪಿಗೆ ಮೈನಸ್ 1. ಅಲ್ಲಿ ಕಣ್ಣುಮುಚ್ಚಿ ಹೊಡೆಯುವ ಅಭ್ಯಾಸ ಒಳ್ಳೆಯದಲ್ಲ. ಎರಡೂ ಬರೆಯುವವರು ಈ ಫರಕು ಮರೆಯಬಾರದು.

ಮೊದಲ ಸುತ್ತಿನಲ್ಲಿ ಎಲ್ಲರೂ ಎಡವುವುದು ಹಟದಿಂದ. ‘ಇದು ನನಗೆ ಬರ್ತದ, ನಿನ್ನೇನೇ ಮಾಡೀನಿ’ ಅಂತ ಒಂದೇ ಲೆಕ್ಕದ ಮೇಲೆ ನಾಲ್ಕು ನಿಮಿಷ ಕೂರುವುದು. 2024ರ ಸಿಇಟಿಯಲ್ಲಿ ಪಠ್ಯದ ಹೊರಗಿನ ಪ್ರಶ್ನೆಗಳು ಬಂದು, ಕೊನೆಗೆ ನಾಲ್ಕೂ ವಿಷಯ ಸೇರಿ 50 ಪ್ರಶ್ನೆಗಳನ್ನು ಮೌಲ್ಯಮಾಪನದಿಂದ ಕೈಬಿಟ್ಟರು. ಅವುಗಳ ಜೊತೆ ಗುದ್ದಾಡಿದವರ ನಿಮಿಷಗಳು ಮಾತ್ರ ವಾಪಸ್ ಬರಲಿಲ್ಲ. ಪಾಠದಲ್ಲಿ ಕಂಡೇ ಇಲ್ಲದ ಪ್ರಶ್ನೆ ಅನಿಸಿದರೆ ಎರಡು ಗೀಟು ಹಾಕಿ ಮುಂದೆ ನಡೆಯಿರಿ.

ಓಎಂಆರ್ ಬಗ್ಗೆ ಸ್ವಲ್ಪ ಉದ್ದವಾಗಿಯೇ ಹೇಳಬೇಕು, ಇಲ್ಲಿ ಕಳೆದುಕೊಳ್ಳುವ ಅಂಕ ನೋಡಿದರೆ ಹೊಟ್ಟೆ ಉರಿಯುತ್ತದೆ. ನೀಲಿ ಅಥವಾ ಕಪ್ಪು ಬಾಲ್ ಪೆನ್ ಮಾತ್ರ. ಜೆಲ್ ಪೆನ್ನಿನ ಶಾಯಿ ಹರಡಿ ಪಕ್ಕದ ವೃತ್ತ ಮುಟ್ಟುತ್ತದೆ. ಹೊಸ ಪೆನ್ನು ಬಿಟ್ಟು ಬಿಟ್ಟು ಬರೆಯುತ್ತದೆ, ಎರಡು ದಿನ ಬರೆದು ಪಳಗಿಸಿದ ಎರಡು ಪೆನ್ನು ಒಯ್ಯಿರಿ. ವೃತ್ತದ ನಡುವಿನಿಂದ ಸುತ್ತುತ್ತಾ ಅಂಚಿನವರೆಗೆ ಬನ್ನಿ. ಅಂಚಿನಿಂದ ಶುರು ಮಾಡಿದರೆ ಗೆರೆ ದಾಟುತ್ತದೆ. ಒಂದೇ ಪ್ರಶ್ನೆಗೆ ಎರಡು ವೃತ್ತ ತುಂಬಿದರೆ ಆ ಅಂಕ ಹೋಯಿತು. ವೈಟ್ನರ್, ಬ್ಲೇಡು ಮುಟ್ಟಲೇಬೇಡಿ. ಇದೆಲ್ಲಕ್ಕಿಂತ ದೊಡ್ಡ ಅನಾಹುತ ಸಾಲು ತಪ್ಪುವುದು. 17ನೇ ಪ್ರಶ್ನೆ ಬಿಟ್ಟು 18 ಬಿಡಿಸುತ್ತೀರಿ, ಕೈ ಮಾತ್ರ 17ರ ಸಾಲಿಗೇ ಹೋಗುತ್ತದೆ. ಅಲ್ಲಿಂದ ಮುಂದಿನದ್ದೆಲ್ಲ ಒಂದೊಂದು ಸಾಲು ಮೇಲೆ. 31ರಲ್ಲಿ ಗೊತ್ತಾದಾಗ ಮಾಡಲು ಏನೂ ಇರುವುದಿಲ್ಲ. ಇದಕ್ಕೆ ಮದ್ದು ಸರಳ. ವೃತ್ತ ತುಂಬುವ ಮುಂಚೆ ಪ್ರಶ್ನೆಯ ಸಂಖ್ಯೆಯನ್ನು ಮನಸ್ಸಿನಲ್ಲೇ ಒಮ್ಮೆ ಹೇಳಿಕೊಳ್ಳಿ, 10, 20, 30 ಬಂದಾಗ ನಿಂತು ಸಾಲು ತಾಳೆ ನೋಡಿ. ‘ಎಲ್ಲಾ ಕೊನೆಗೆ ಒಟ್ಟಿಗೆ ತುಂಬ್ತೀನಿ’ ಅನ್ನುವವರ ಕೈ ಕೊನೆಯ ಐದು ನಿಮಿಷದಲ್ಲಿ ನಡುಗುತ್ತದೆ. ಪುಸ್ತಿಕೆಯ ಒಂದು ಪುಟ ಮುಗಿದ ಕೂಡಲೇ ಆ ಪುಟದ ಉತ್ತರ ತುಂಬಿ ಮುಂದಿನ ಪುಟಕ್ಕೆ ಹೋಗುವುದೇ ಒಳ್ಳೆಯದು. ಕೊನೆಗೆ ಕೊಡುವ ಅಭ್ಯರ್ಥಿಯ ಪ್ರತಿಯನ್ನು ಮಡಚದೆ ತನ್ನಿ, ಕೀ ಉತ್ತರ ಬಂದಾಗ ಬೇಕಾಗುತ್ತದೆ.

ಅಭ್ಯಾಸಕ್ಕೆ ಖಾಲಿ ಓಎಂಆರ್ ಹಾಳೆಯ 40 ಜೆರಾಕ್ಸ್ ಮಾಡಿಸಿಡಿ. ಕಲಬುರಗಿಯಲ್ಲಾದರೆ ಸೂಪರ್ ಮಾರ್ಕೆಟ್ ಬಡಾವಣೆ ಕಡೆಗೆ ಹೋದಾಗ ಆಗುವ ಕೆಲಸ. ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಜಾಲತಾಣದಲ್ಲಿ ಹಳೆಯ ಪ್ರಶ್ನೆಪತ್ರಿಕೆ, ಕೀ ಉತ್ತರ ಎರಡೂ ಸಿಗುತ್ತವೆ. ಬೋರ್ಡ್ ಪರೀಕ್ಷೆ ಮುಗಿದ ಮೇಲೆ ದಿನಕ್ಕೆ ಎರಡು ಪತ್ರಿಕೆ, ಬೆಳಿಗ್ಗೆ 10.30ಕ್ಕೊಂದು, ಮಧ್ಯಾಹ್ನ 2.30ಕ್ಕೊಂದು. ಪರೀಕ್ಷೆಯ ವೇಳೆಗೇ ಕೂರಬೇಕು. 2024ರಲ್ಲಿ ಗಣಿತ ಬಂದದ್ದು ಮಧ್ಯಾಹ್ನವೇ. ಏಪ್ರಿಲ್ ತಿಂಗಳ ನಮ್ಮ ಕಡೆಯ ಮಧ್ಯಾಹ್ನ ಹೇಗಿರುತ್ತದೆ ಅಂತ ಇಲ್ಲಿಯವರಿಗೆ ಹೇಳಬೇಕಾಗಿಲ್ಲ, ಬಿಸಿಲು 40 ಡಿಗ್ರಿ ದಾಟಿರುತ್ತದೆ. ರಾತ್ರಿ ತಂಪಿನಲ್ಲಿ ಮಾತ್ರ ಲೆಕ್ಕ ಬಿಡಿಸಿ ಅಭ್ಯಾಸ ಆದವರಿಗೆ ಆ ಹೊತ್ತಿನಲ್ಲಿ ತಲೆ ಓಡುವುದಿಲ್ಲ. ಎರಡು ಪತ್ರಿಕೆಯ ನಡುವೆ ಒಂದೂವರೆ ರೊಟ್ಟಿ, ಸ್ವಲ್ಪ ಬ್ಯಾಳಿ, ಮಜ್ಜಿಗೆ ಸಾಕು. ಹೊಟ್ಟೆ ಬಿರಿಯ ಅನ್ನ ಉಂಡರೆ ಮೂರು ಗಂಟೆಗೆ ಕಣ್ಣು ಎಳೆಯುತ್ತದೆ. ಹಾಲ್‌ಗೆ ಕೈಗಡಿಯಾರ ಬಿಡುವುದಿಲ್ಲ, ಆದ್ದರಿಂದ ಮನೆಯಲ್ಲೂ ಗೋಡೆ ಗಡಿಯಾರ ನೋಡಿಯೇ ಬರೆಯಿರಿ. ಕ್ಯಾಲ್ಕುಲೇಟರ್ ಇಲ್ಲ, ಹಾಗಾಗಿ ಲಾಗ್ 2 ಅಂದರೆ 0.3010, ಲಾಗ್ 3 ಅಂದರೆ 0.4771, ಪೈ ವರ್ಗ ಸುಮಾರು 10, ಇವು ನಾಲಿಗೆ ತುದಿಯಲ್ಲಿರಬೇಕು.

ಪತ್ರಿಕೆ ಮುಗಿದ ಮೇಲಿನ ಅರ್ಧ ಗಂಟೆಯನ್ನು ಯಾರೂ ಬಿಡಬಾರದು. ತಪ್ಪಾದ ಪ್ರತಿ ಪ್ರಶ್ನೆಯ ಮುಂದೆ ಒಂದು ಅಕ್ಷರ ಬರೆಯಿರಿ. ಪಾಠ ಗೊತ್ತಿಲ್ಲದಿದ್ದರೆ ‘ಗೊ’, ಲೆಕ್ಕ ತಪ್ಪಿದ್ದರೆ ‘ಲೆ’, ಪ್ರಶ್ನೆಯನ್ನೇ ತಪ್ಪು ಓದಿದ್ದರೆ ‘ಓ’, ವೇಳೆ ಸಾಲದಿದ್ದರೆ ‘ವೇ’. ಐದು ಪತ್ರಿಕೆ ಆದ ಮೇಲೆ ಎಣಿಸಿ. ‘ಗೊ’ ಹೆಚ್ಚಿದ್ದರೆ ಪುಸ್ತಕ ಹಿಡಿಯಿರಿ, ‘ವೇ’ ಹೆಚ್ಚಿದ್ದರೆ ಮತ್ತೆ ಪತ್ರಿಕೆ ಬಿಡಿಸಿ. ಹತ್ತನೇ ತರಗತಿವರೆಗೆ ಕನ್ನಡ, ಉರ್ದು, ಮರಾಠಿ ಮಾಧ್ಯಮದಲ್ಲಿ ಓದಿ ಪಿಯುಸಿಗೆ ಇಂಗ್ಲಿಷಿಗೆ ಬಂದ ಮಕ್ಕಳ ಹಾಳೆಯಲ್ಲಿ ‘ಓ’ ಬಹಳ ಕಾಣುತ್ತದೆ. ಅವರಿಗೆ ತೊಡಕಾಗುವುದು ವಿಜ್ಞಾನದ ಪದಗಳಲ್ಲ, ಎಕ್ಸೆಪ್ಟ್, ಇನ್‌ಕರೆಕ್ಟ್, ರೆಸ್ಪೆಕ್ಟಿವ್ಲಿ, ನೆಗ್ಲಿಜಿಬಲ್, ಇನಿಷಿಯಲಿ ಅಟ್ ರೆಸ್ಟ್‌ನಂಥ ಸಣ್ಣ ಮಾತುಗಳು. ಇಂಥ 50–60 ಪದಗಳನ್ನು ಅರ್ಥದ ಜೊತೆ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಬರೆದಿಡಿ. ‘ತಪ್ಪಾದದ್ದನ್ನು ಆರಿಸಿ’ ಅನ್ನುವ ಪ್ರಶ್ನೆ ಕಂಡ ಕೂಡಲೇ ಆ ಪದಕ್ಕೆ ಸುತ್ತು ಹಾಕಿ, ಆಮೇಲೆ ಆಯ್ಕೆಗಳಿಗೆ ಹೋಗಿ.

ಇಂಜಿನಿಯರಿಂಗ್ ರ‍್ಯಾಂಕಿಗೆ ಅರ್ಧ ಭಾರ ಸಿಇಟಿಯದು, ಅರ್ಧ ದ್ವಿತೀಯ ಪಿಯುಸಿಯ ಭೌತ, ರಸಾಯನ, ಗಣಿತದ್ದು. ಪಿಯುಸಿಯ ಮೂರು ವಿಷಯಕ್ಕೆ 300 ಅಂಕ, ಸಿಇಟಿಗೆ 180. ಲೆಕ್ಕ ಹಾಕಿದರೆ ಸಿಇಟಿಯ 3 ಅಂಕ ಪಿಯುಸಿಯ 5 ಅಂಕಕ್ಕೆ ಸಮ. ಪಿಯುಸಿಯಲ್ಲಿ 270, ಸಿಇಟಿಯಲ್ಲಿ 90 ಬಂದವಳ ಒಟ್ಟು 100ಕ್ಕೆ 70. ಪಿಯುಸಿಯಲ್ಲಿ 210, ಸಿಇಟಿಯಲ್ಲಿ 108 ಬಂದವನ ಒಟ್ಟು 65. ಜನವರಿಯಿಂದ ಬೋರ್ಡ್ ಓದು ಬಿಟ್ಟು ಬರೀ ಕೋಚಿಂಗ್ ಮಾಡ್ಯೂಲ್ ಹಿಡಿದು ಕೂತವರು ಈ ಎರಡು ಸಾಲು ಗೋಡೆಗೆ ಅಂಟಿಸಿಕೊಳ್ಳಲಿ. ಇನ್ನೊಂದು, ಪ್ರಥಮ ಪಿಯುಸಿ ಪಾಠವೂ ಸಿಇಟಿಗೆ ಇದೆ. ವರ್ಷ ಮುಗಿಯಿತು ಅಂತ ಪುಸ್ತಕ ಕಾಕಾನ ಮಗನಿಗೆ ಕೊಟ್ಟುಬಿಡಬೇಡಿ.

ಈಗ ಕಾಗದಪತ್ರ. ಸಂವಿಧಾನದ 371ಜೆ ಪ್ರಕಾರ ನಮ್ಮ ಕಲ್ಯಾಣ ಕರ್ನಾಟಕ ಭಾಗದ ಕಾಲೇಜುಗಳಲ್ಲಿ 70 ಪ್ರತಿಶತ, ಹೊರಗಿನ ರಾಜ್ಯಮಟ್ಟದ ಸಂಸ್ಥೆಗಳಲ್ಲಿ 8 ಪ್ರತಿಶತ ಸೀಟು ಸ್ಥಳೀಯರಿಗೆ ಮೀಸಲು. ಕಲಬುರಗಿಯ ಪಿಡಿಎ ಇಂಜಿನಿಯರಿಂಗ್ ಕಾಲೇಜು ಇರಲಿ, ನೀಟ್ ಮೂಲಕ ಹೋಗುವ ಕಲಬುರಗಿಯ ಜಿಮ್ಸ್, ಬೀದರ್‌ನ ಬ್ರಿಮ್ಸ್, ಯಾದಗಿರಿಯ ಯಿಮ್ಸ್ ವೈದ್ಯಕೀಯ ಕಾಲೇಜುಗಳಿರಲಿ, ಇದರಿಂದ ಸಿಗುವ ಅನುಕೂಲ ಸಣ್ಣದಲ್ಲ. ಇಷ್ಟು ದೊಡ್ಡ ಹಕ್ಕನ್ನು ಒಂದು ಪ್ರಮಾಣಪತ್ರ ತಡವಾಗಿ ಬಂತು ಅಂತ ಬಿಡುವುದು ಸಂಕಟದ ಮಾತು. ಈ 371ಜೆ ಪ್ರಮಾಣಪತ್ರ ಕೊಡುವವರು ಉಪವಿಭಾಗದ ಸಹಾಯಕ ಆಯುಕ್ತರು. ಕಲಬುರಗಿ ಜಿಲ್ಲೆಗೆ ಕಲಬುರಗಿ ಮತ್ತು ಸೇಡಂ, ಬೀದರ್ ಜಿಲ್ಲೆಗೆ ಬೀದರ್ ಮತ್ತು ಬಸವಕಲ್ಯಾಣ, ಯಾದಗಿರಿಗೆ ಯಾದಗಿರಿ. ಸಿಇಟಿ ಅರ್ಜಿ ಸಾಮಾನ್ಯವಾಗಿ ಜನವರಿಯಲ್ಲಿ ತೆರೆಯುತ್ತದೆ, ಆದ್ದರಿಂದ ದೀಪಾವಳಿ ರಜೆಯಲ್ಲೇ ಈ ಪ್ರಮಾಣಪತ್ರಕ್ಕೆ ಅರ್ಜಿ ಕೊಟ್ಟುಬಿಡಿ. ಜಾತಿ, ಆದಾಯ ಪ್ರಮಾಣಪತ್ರ ನಾಡಕಚೇರಿಯಿಂದ ಬರುತ್ತವೆ. ಅವುಗಳ ಮೇಲೆ ‘ಆರ್‌ಡಿ’ ಅಂತ ಶುರುವಾಗುವ ಸಂಖ್ಯೆಯನ್ನೇ ಸಿಇಟಿ ಅರ್ಜಿಯಲ್ಲಿ ತುಂಬಬೇಕು. ಹಳೆಯ ಆದಾಯ ಪತ್ರ ಇದ್ದರೆ ಐದು ವರ್ಷ ದಾಟಿದೆಯಾ ನೋಡಿ. ಹಳ್ಳಿ ಶಾಲೆಯಲ್ಲಿ 1ರಿಂದ 10ರವರೆಗೆ ಓದಿದವರಿಗೆ ಗ್ರಾಮೀಣ ಮೀಸಲು, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಕನ್ನಡ ಮಾಧ್ಯಮದ ಮೀಸಲು ಇದೆ. ಎರಡೂ ಇದ್ದವರು ಎರಡನ್ನೂ ಕೇಳಿ.

ಅರ್ಜಿ ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ ಅಂದರೆ ಹೆಸರಿನಲ್ಲಿ. ಎಸ್ಎಸ್ಎಲ್‌ಸಿ ಅಂಕಪಟ್ಟಿಯಲ್ಲಿ ಶರಣಪ್ಪ, ಆಧಾರ್‌ನಲ್ಲಿ ಶರಣಬಸಪ್ಪ, ಜಾತಿ ಪತ್ರದಲ್ಲಿ ಅಪ್ಪನ ಹೆಸರಿನ ಜೊತೆ ಊರ ಹೆಸರು. ಎಲ್ಲವನ್ನೂ ಒಂದು ಮೇಜಿನ ಮೇಲೆ ಹರಡಿ ಅಂಕಪಟ್ಟಿಯ ಜೊತೆ ಅಕ್ಷರ ಅಕ್ಷರ ತಾಳೆ ಮಾಡಿ. ವ್ಯತ್ಯಾಸ ಕಂಡರೆ ಡಿಸೆಂಬರ್ ಒಳಗೇ ತಿದ್ದಿಸಿ, ಮೂಲ ಪತ್ರಗಳ ಮೂರು ಸೆಟ್ ಜೆರಾಕ್ಸ್ ಮಾಡಿಸಿ ಒಂದೇ ಫೈಲಿನಲ್ಲಿಡಿ.