ಟಂಡ್ರಾದ ಚಳಿಯನ್ನು ನಂಬಿ ಮಾದರಿ ಕೆಡಿಸಿಕೊಳ್ಳಬೇಡಿ

ಅಲಾಸ್ಕಾದ ಟೂಲಿಕ್ ಫೀಲ್ಡ್ ಸ್ಟೇಷನ್ ಎಂಬ ಸಂಶೋಧನಾ ಕೇಂದ್ರ ಇರುವುದು ಬ್ರೂಕ್ಸ್ ಪರ್ವತಗಳ ಉತ್ತರಕ್ಕೆ, 68 ಡಿಗ್ರಿ ಅಕ್ಷಾಂಶ ದಾಟಿದ ಮೇಲೆ. ಮಣ್ಣು, ಹಿಕ್ಕೆಗಳಲ್ಲಿರುವ ಸೂಕ್ಷ್ಮಜೀವಿಗಳ ಬೇಸಿಗೆ ಅಧ್ಯಯನಕ್ಕೆ ಅಲ್ಲಿಗೆ ಹೋಗುವ ವಿದ್ಯಾರ್ಥಿಗಳು, ಇಷ್ಟು ಚಳಿಯಲ್ಲಿ ಮಾದರಿ ಎಲ್ಲಿ ಕೆಡುತ್ತದೆ ಅಂದುಕೊಳ್ಳುತ್ತಾರೆ. ಆದರೆ ಜೂನ್‌ನಲ್ಲಿ ಅಲ್ಲಿ ಸೂರ್ಯ ಮುಳುಗುವುದೇ ಇಲ್ಲ. ಬೆನ್ನಚೀಲದೊಳಗೆ ಮಣ್ಣು ಬೆಚ್ಚಗಾದರೆ ಸಾಕು, ಸೂಕ್ಷ್ಮಜೀವಿಗಳ ಲೆಕ್ಕವೇ ಬದಲಾಗುತ್ತದೆ. ತೆಗೆದ ಜಾಗದಲ್ಲೇ ಒಣ ಮಂಜುಗಡ್ಡೆಗೆ (ಗಟ್ಟಿಯಾದ ಇಂಗಾಲದ ಡೈಆಕ್ಸೈಡ್‌ಗೆ) ಹಾಕಿ. ಒಮ್ಮೆ ಗಟ್ಟಿಯಾದದ್ದು ಕರಗಿ ಮತ್ತೆ ಗಟ್ಟಿಯಾದರೆ ಜೀವಕೋಶಗಳು ಒಡೆಯುತ್ತವೆ, ಆರ್‌ಎನ್‌ಎ ಅಂತೂ ಉಳಿಯುವುದಿಲ್ಲ.

ಮೊದಲು ಮಣ್ಣು ಎಷ್ಟು ಆಳ ಕರಗಿದೆ ನೋಡಿ. ಅಳತೆ ಗುರುತಿರುವ ಉಕ್ಕಿನ ಸರಳನ್ನು ನೆಟ್ಟಗೆ ಚುಚ್ಚಿ. ಟಣ್ ಅಂದರೆ ಕಲ್ಲು, ಒಂದು ಗೇಣು ಪಕ್ಕಕ್ಕೆ ಸರಿದು ಮತ್ತೆ ಚುಚ್ಚಿ. ಸದ್ದಡಗಿ ದಬ್ಬೆಂದು ನಿಂತರೆ ಹೆಪ್ಪುಗಟ್ಟಿದ ನೆಲ. ಹಾವಸೆಯನ್ನು ಬೂಟಿನಿಂದ ತುಳಿದು ಅಳೆದರೆ ಅಂಕಿ ಸುಳ್ಳಾಗುತ್ತದೆ.

ಕೊರೆದು ತೆಗೆದ ಮಣ್ಣಿನಲ್ಲಿ ಮೇಲೆ ನಾರುನಾರಾದ ಕಪ್ಪು ಪದರ, ಕೆಳಗೆ ಬೆರಳಿಗೆ ಜಾರುವ ಬೂದು ಮಣ್ಣು. ಗಡಿಯಲ್ಲೇ ಕತ್ತರಿಸಿ. ಗಾಳಿಯಾಡುವ ಕಡೆ ಮೀಥೇನ್ ತಿನ್ನುವ ಬ್ಯಾಕ್ಟೀರಿಯಾ, ನೀರು ನಿಂತು ಉಸಿರುಗಟ್ಟಿದ ಕಡೆ ಮೀಥೇನ್ ಹುಟ್ಟಿಸುವ ಆರ್ಕಿಯಾ ಎಂಬ ಬೇರೆಯದೇ ಗುಂಪಿನ ಏಕಕೋಶ ಜೀವಿಗಳು. ಎರಡನ್ನೂ ಕಲಸಿದರೆ ಯಾರು ಎಲ್ಲಿದ್ದರು ಎಂದು ಆಮೇಲೆ ಹೇಳಲಾಗದು. ಚಾಕುವಿಗೆ ಎಥನಾಲ್ ಒಂದೇ ಸಾಲದು. ಅದು ಜೀವಿಯನ್ನು ಕೊಲ್ಲುತ್ತದೆ, ಡಿಎನ್‌ಎ ಅಲ್ಲೇ ಉಳಿಯುತ್ತದೆ. ಮೊದಲು ಬ್ಲೀಚ್, ನಂತರ ಶುದ್ಧ ನೀರು, ಕೊನೆಗೆ ಎಥನಾಲ್. ಬ್ಲೀಚ್ ಉಳಿದರೆ ನಿಮ್ಮ ಮಾದರಿಯನ್ನೇ ತಿಂದುಹಾಕುತ್ತದೆ. ಡಿಎನ್‌ಎ ಬೇರ್ಪಡಿಸುವ ಹೆಚ್ಚಿನ ಕಿಟ್‌ಗಳು ಬಳಸುವುದು 0.25 ಗ್ರಾಂ ಮಣ್ಣು ಮಾತ್ರ. ಬೇರುಗಳನ್ನು ಆರಿಸಿ ತೆಗೆದು ಮಣ್ಣನ್ನು ಚೆನ್ನಾಗಿ ಬೆರೆಸದಿದ್ದರೆ ಆ ಚಿಟಿಕೆ ಏನನ್ನೂ ಪ್ರತಿನಿಧಿಸದು. ಡಿಎನ್‌ಎ ದ್ರಾವಣ ಕಷಾಯದ ಬಣ್ಣಕ್ಕೆ ಬಂದರೆ ಕೊಳೆತ ಗಿಡಗಳಿಂದ ಬಂದ ಹ್ಯೂಮಿಕ್ ಆಮ್ಲ ಉಳಿದಿದೆ ಎಂದರ್ಥ; ಅದು ಡಿಎನ್‌ಎಯ ನಕಲು ಮಾಡುವ ಪಿಸಿಆರ್‌ಗೆ ಅಡ್ಡಿ. ಪಿಸಿಆರ್ ಕೈಕೊಟ್ಟರೆ ದ್ರಾವಣವನ್ನು ಹತ್ತು ಪಟ್ಟು ತೆಳುಮಾಡಿ ಮತ್ತೆ ನೋಡಿ.

ಕ್ಯಾರಿಬೂ (ಹಿಮಸಾರಂಗ) ಹಿಕ್ಕೆಯಾದರೆ ಹಸಿ ಹೊಳಪಿರುವುದನ್ನೇ ಆರಿಸಿ, ಒಳಭಾಗ ಮಾತ್ರ ತೆಗೆಯಿರಿ; ಹೊರಗೆ ಅಂಟಿದ್ದು ನೆಲದ ಜೀವಿಗಳು. ಆರ್ಕ್ಟಿಕ್ ನೆಲ ಅಳಿಲಿನ ಹಿಕ್ಕೆಗೆ ತಾರೀಕು ಬರೆಯದೆ ಬೆಲೆಯಿಲ್ಲ. ಶಿಶಿರನಿದ್ರೆಯಲ್ಲಿ ಅದರ ಮೈ ಮೈನಸ್ 2.9 ಡಿಗ್ರಿವರೆಗೂ ಇಳಿಯುತ್ತದೆ. ತಿಂಗಳುಗಟ್ಟಲೆ ಉಪವಾಸದಲ್ಲಿ ಕರುಳಿನ ಗೋಡೆಯ ಲೋಳೆ ತಿಂದು ಬದುಕುವ ಬ್ಯಾಕ್ಟೀರಿಯಾಗಳಿಗೇ ಮೇಲುಗೈ. ವಸಂತದ ಹಿಕ್ಕೆ, ಆಗಸ್ಟ್‌ನ ಹಿಕ್ಕೆ ಎರಡೂ ಒಂದೇ ಅಲ್ಲ.

ಮಂಡಿಯೂರಿ ಅಗೆಯುವಾಗ ಒಬ್ಬರು ನಿಂತು ಸುತ್ತ ನೋಡುತ್ತಿರಲೇಬೇಕು. ಕರಡಿ ಓಡಿಸುವ ಸ್ಪ್ರೇ ಚೀಲದೊಳಗಲ್ಲ, ಸೊಂಟದಲ್ಲಿರಲಿ.

ಪ್ರತಿ ತಾಣದಲ್ಲೂ ಒಂದು ಖಾಲಿ ನಳಿಕೆ ತೆರೆದು ಮುಚ್ಚಿ, ಉಳಿದವುಗಳ ಜೊತೆಗೇ ಪರೀಕ್ಷೆಗೆ ಕಳಿಸಿ; ಹೊರಗಿನಿಂದ ಸೇರಿಕೊಂಡದ್ದು ಯಾವುದು ಎಂದು ಅದರಿಂದ ಗೊತ್ತಾಗುತ್ತದೆ. ಮಾದರಿಯ ಹೆಸರನ್ನು ಪೆನ್ಸಿಲ್‌ನಲ್ಲಿ ಚೀಟಿಗೆ ಬರೆದು ಚೀಲದೊಳಗೂ ಹಾಕಿ. ಎಥನಾಲ್ ತಾಗಿದರೆ ಮಾರ್ಕರ್ ಶಾಯಿ ಅಳಿಸಿಹೋಗುತ್ತದೆ.